ನಸಾಬಿನಿಂದ ನ್ಯಾಯಾಲಯಕ್ಕೆ: ತಾಂಡಾದ ಹಿರಿಯರಿಗೆ ಕುರ್ಚಿ ಎಲ್ಲಿ?

ಗದಗ ಜಿಲ್ಲೆಯ ಅಸೂಟಿಯಂಥ ಊರಿನಲ್ಲಿ ಬದುವಿನ ಜಗಳ ಹುಟ್ಟಿದರೆ ಅದು ಮೊದಲು ಹತ್ತುವುದು ಊರ ಕಟ್ಟೆಯನ್ನು. ದೈವದ, ಅಂದರೆ ಊರ ಸಭೆಯ, ಹಿರಿಯರು ಕೂಡುತ್ತಾರೆ, ಎರಡೂ ಕಡೆಯವರ ಮಾತು ಕೇಳುತ್ತಾರೆ, ಬೈಯಬೇಕಾದವರನ್ನು ಬೈಯುತ್ತಾರೆ. ಕಲ್ಲು ಎಲ್ಲಿ ನಿಲ್ಲಬೇಕು ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು ಏಳುತ್ತಾರೆ. ಅಲ್ಲಿ ಹರಿಯದ ನ್ಯಾಯ ರೋಣದ ಕೋರ್ಟಿಗೆ ಹೋಗುತ್ತದೆ. ರೋಣದಲ್ಲಿ ಸೋತವರು ಗದಗಿಗೆ, ಗದಗಿನಲ್ಲಿ ಸೋತವರು ಧಾರವಾಡದ ಹೈಕೋರ್ಟ್ ಪೀಠಕ್ಕೆ. 2008ರ ಜುಲೈವರೆಗೆ ಧಾರವಾಡವೂ ಇರಲಿಲ್ಲ, ಬೆಂಗಳೂರಿಗೇ ಹೋಗಬೇಕಿತ್ತು. ಅದು ಕಾಯಂ ಪೀಠವಾದದ್ದು 2013ರಲ್ಲಿ. ಒಂದೊಂದು ಮೆಟ್ಟಿಲು ಮೇಲೆ ಹೋದಂತೆಲ್ಲ ಖರ್ಚು ಏರುತ್ತದೆ, ಕಡತ ದಪ್ಪಗಾಗುತ್ತದೆ. ಜಗಳವನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬೊಬ್ಬರಾಗಿ ಹಿಂದೆ ಉಳಿಯುತ್ತಾರೆ.

ಇದು ಒಕ್ಕಲುತನದ ಊರಿನ ಮಾತಾಯಿತು. ರೋಣ–ಗಜೇಂದ್ರಗಡ ಸೀಮೆಯ ತಾಂಡಾಗಳಲ್ಲಿ ಊರಿನ ಕಟ್ಟೆಯದಲ್ಲದ ಇನ್ನೊಂದು ನ್ಯಾಯಪೀಠವೇ ಉಂಟು. ಲಂಬಾಣಿಗರು ಅದನ್ನು ನಸಾಬ್ ಎನ್ನುತ್ತಾರೆ. ತಾಂಡಾಕ್ಕೊಬ್ಬ ನಾಯಕ, ಅವನ ಕೈಕೆಳಗೆ ಕಾರಭಾರಿ, ಜೊತೆಗೆ ಮಾತು ಬಲ್ಲ ಹಿರಿಯರು, ಅಂದರೆ ಡಾವ್‌ಸಾಣರು. ನಾಯಕತನ ಬಹುಮಟ್ಟಿಗೆ ಅಪ್ಪನಿಂದ ಮಗನಿಗೆ ಬರುವಂಥದ್ದು. ಡಾವ್‌ಸಾಣನಾಗುವುದಕ್ಕೆ ಮಾತ್ರ ನಾಲಿಗೆಯೂ ನಂಬಿಕೆಯೂ ಬೇಕು.

ನಸಾಬ್ ಕೂಡುವ ಬಗೆ ಕೋರ್ಟಿನ ಕಲಾಪಕ್ಕೆ ಪೂರಾ ಉಲ್ಟಾ. ತಕರಾರು ಇದ್ದವರು ನಾಯಕನ ಮನೆಗೆ ಹೋಗಿ ಹೇಳಬೇಕು. ಕಾರಭಾರಿ ತಾಂಡಾ ತುಂಬ ತಿರುಗಿ ಸುದ್ದಿ ಮುಟ್ಟಿಸುತ್ತಾನೆ. ಹೊಲ, ಕೂಲಿ ಮುಗಿಸಿ ಬಂದ ಮೇಲೆ ಸೇವಾಲಾಲ್–ಮರಿಯಮ್ಮನ ಗುಡಿಯ ಮುಂದೆ ಗಂಡಸರು ವರ್ತುಲವಾಗಿ ಕೂರುತ್ತಾರೆ. ಹೆಂಗಸರು ಅಂಚಿನಲ್ಲಿ ನಿಂತೋ ಬಾಗಿಲಲ್ಲಿ ಕೂತೋ ಕೇಳುತ್ತಾರೆ. ಗಂಡನ ಮನೆ ಬಿಟ್ಟು ಬಂದ ಮಗಳ ವಿಷಯವಾದರೆ ಎರಡು ತಾಂಡಾದ ನಾಯಕರೂ ಬರಬೇಕು. ಮಾತೆಲ್ಲ ಲಂಬಾಣಿಗರ ಗೋರ್ ಬೋಲಿಯಲ್ಲಿ. ಅಜ್ಜನ ಕಾಲದ ಒಂದು ಮದುವೆ, ಮೂವತ್ತು ವರ್ಷದ ಹಿಂದಿನ ಒಂದು ಎತ್ತಿನ ಸಾಲ, ಯಾರೋ ಯಾರಿಗೋ ಹೋಳಿಯಲ್ಲಿ ಆಡಿದ ಮಾತು, ಎಲ್ಲವೂ ಸಾಕ್ಷಿಯೇ. ಕೋರ್ಟು ‘ಅಪ್ರಸ್ತುತ’ ಎಂದು ತಳ್ಳಿಹಾಕುವ ಮಾತಿನಲ್ಲೇ ನಸಾಬಿಗೆ ಜಗಳದ ಬೇರು ಕಾಣುವುದು. ರಾತ್ರಿ ಸರಿದಂತೆ ದನಿ ಏರುತ್ತದೆ, ಇಳಿಯುತ್ತದೆ. ಕೊನೆಗೆ ದಂಡ ಬೀಳುತ್ತದೆ. ತಪ್ಪು ಮಾಡಿದವನು ತಪ್ಪಾಯಿತೆಂದು ಹಿರಿಯರ ಮುಂದೆ ಕೈಮುಗಿಯುತ್ತಾನೆ.

ಇಷ್ಟು ಓದಿ ‘ಎಂಥ ಸೊಗಸು’ ಎಂದುಕೊಳ್ಳುವವರಿಗೆ ಒಂದು ಮಾತು: ಅಂಚಿನಲ್ಲಿ ನಿಂತ ಆ ಹೆಂಗಸರನ್ನು ಮರೆಯಬೇಡಿ. ಮುಂದೆ ಅವರ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಸೂಡಿಯ ಶಾಸನ, ನರಗುಂದದ ದತ್ತಕ

ತಮ್ಮ ನ್ಯಾಯವನ್ನು ತಾವೇ ಹರಿಸಿಕೊಳ್ಳುವ ಹಕ್ಕು ಈ ನೆಲಕ್ಕೆ ಹೊಸದಲ್ಲ. ಯಾರೂ ಹೊರಗಿನಿಂದ ತಂದು ಕೊಟ್ಟದ್ದೂ ಅಲ್ಲ. ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ, ಅಂದಿನ ಪೊರಿಗೆರೆಯಲ್ಲಿ, ಸುಮಾರು 725ರ ಹೊತ್ತಿಗೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಒಂದು ಆಚಾರ ವ್ಯವಸ್ಥೆ ಬರೆಸಿಕೊಟ್ಟ. ರಾಜಪುರುಷರು ಏನು ಮಾಡಬೇಕು, ಊರಿನವರು ಏನು ಕೊಡಬೇಕು, ಕಳ್ಳತನ ಮತ್ತು ಸಣ್ಣಪುಟ್ಟ ಅಪರಾಧಗಳ ದಂಡ ಹೇಗೆ ಎಂಬುದೆಲ್ಲ ಅದರಲ್ಲಿದೆ. ಅರಸನ ಕೈ ಎಲ್ಲಿ ನಿಲ್ಲಬೇಕು ಎಂದು ಅರಸನ ಕಡೆಯವರೇ ಕಲ್ಲಿನಲ್ಲಿ ಒಪ್ಪಿಕೊಂಡ ದಾಖಲೆ ಅದು.

ಇನ್ನೂ ಹತ್ತಿರದ್ದು ಸೂಡಿಯದು. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಅಕ್ಕಾದೇವಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಸೋದರಿ, ಯುದ್ಧಕ್ಕೂ ಇಳಿದವಳು. ಚೋಳರ ದಾಳಿಯ ಗದ್ದಲದಲ್ಲಿ ಸೂಡಿಯ ಕಟ್ಟುಕಟ್ಟಳೆ ಹದಗೆಟ್ಟಿದ್ದವು. 1050ರ ಸುಮಾರಿಗೆ ಅವಳ ಆಡಳಿತದಲ್ಲಿ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆ ಕಟ್ಟಳೆಯನ್ನು ಹೊಸದಾಗಿ ಬರೆಸಿಕೊಡಲಾಯಿತು. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಸೂಡಿಗೆ ಹೋಗುವವರು ಫೋಟೊ ತೆಗೆದು ಬರುತ್ತಾರೆ. ಒಂದು ಊರು ಯುದ್ಧದ ನಂತರ ತನ್ನ ಸ್ವಂತ ಕಾನೂನನ್ನು ಮರಳಿ ಪಡೆದ ಜಾಗ ಇದು ಎಂದು ಹೇಳುವ ಫಲಕವೊಂದು ಅಲ್ಲಿ ಇರಬೇಕಿತ್ತು ಎಂದು ನನ್ನ ಆಸೆ.

ಇದಕ್ಕೆ ತದ್ವಿರುದ್ಧವಾದದ್ದು ನರಗುಂದದ ಕತೆ. ಗಂಡು ಸಂತಾನವಿಲ್ಲದಾಗ ದತ್ತಕ ತೆಗೆದುಕೊಳ್ಳುವುದು ಇಲ್ಲಿಯ ಮನೆಮನೆಯ ರೂಢಿ. ಅಲ್ಲಿಯ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಕೇಳಿದ್ದೂ ಅಷ್ಟೇ. ಕಂಪನಿ ಸರ್ಕಾರ ಒಪ್ಪಲಿಲ್ಲ, ಅವನು ಬಂಡೆದ್ದ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದ; ಜೂನ್‌ನಲ್ಲಿ ಬಾಬಾಸಾಹೇಬ ಬೆಳಗಾವಿಯಲ್ಲಿ ಗಲ್ಲಿಗೇರಿದ. ಬಂಡಾಯಕ್ಕೆ ಕಾರಣಗಳು ಹಲವಿದ್ದವು. ಆದರೆ ಕಿಡಿ ಹೊತ್ತಿದ್ದು ಯಾರ ರೂಢಿ ಕಾನೂನು, ಯಾರ ರೂಢಿ ಕಾನೂನಲ್ಲ ಎಂಬಲ್ಲಿ.

ದತ್ತಕ ಕೇಳಿದವನು ಸಂಸ್ಥಾನಿಕ, ಹಾಗಾಗಿ ಚರಿತ್ರೆ ಅವನ ಹೆಸರು ಬರೆಯಿತು. ಅಲೆಮಾರಿಗಳ ಪಾಲಿಗೆ ಬಂದದ್ದು ಇನ್ನೂ ಕ್ರೂರ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಮುಂಬೈ ಪ್ರಾಂತ್ಯದಲ್ಲಿ ಅಂಥವರನ್ನು ಬೇಲಿ ಹಾಕಿದ ವಸಾಹತುಗಳಲ್ಲಿ ಇಟ್ಟು, ಹಾಜರಿ ತೆಗೆದುಕೊಂಡು, ಗಿರಣಿ ಕೆಲಸಕ್ಕೆ ಕಳಿಸುತ್ತಿದ್ದರು. ವಿಜಯಪುರ, ಹುಬ್ಬಳ್ಳಿಯ ಹಾಗೆ ಗದಗಿನಲ್ಲೂ ಒಂದು ಇತ್ತು. ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಬದುಕಿದೆ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆದರೆ ಅದರ ವಾಸನೆ ಜೈಲಿನ ಕೈಪಿಡಿಗಳಲ್ಲಿ ಉಳಿದೇ ಇತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ್ದ ಅರ್ಜಿಯ ಮೇಲೆ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನೂ ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವುದನ್ನೂ ಅಸಾಂವಿಧಾನಿಕ ಎಂದಿತು. ಕೋರ್ಟು ಎಂದರೆ ಹಿಡಿದುಕೊಂಡು ಹೋಗುವ ಜಾಗ ಎಂದು ಮೂರ್ನಾಲ್ಕು ತಲೆಮಾರು ಕಂಡುಂಡ ಜನ ತಮ್ಮ ಜಗಳವನ್ನು ಅಲ್ಲಿಗೆ ತಾವಾಗಿ ಒಯ್ಯಲಿಲ್ಲ ಎಂದರೆ ಅಚ್ಚರಿಯೇನಿದೆ?

ಶೆಪ್ಪರ್ಟನ್‌ನ ಮೇಜು

ಇದೇ ಅಪನಂಬಿಕೆ ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದೂ. ದೇಶದ ಜನಸಂಖ್ಯೆಯಲ್ಲಿ ಅವರು ಶೇ 4ರಷ್ಟೂ ಇಲ್ಲ. ಜೈಲಿನಲ್ಲಿರುವವರಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಅವರೇ. ಪೊಲೀಸ್ ಠಾಣೆ ಮತ್ತು ಜೈಲುಗಳಲ್ಲಿ ಸತ್ತ 99 ಮಂದಿಯ ಪ್ರಕರಣ ತನಿಖೆ ಮಾಡಿದ ರಾಯಲ್ ಕಮಿಷನ್ 1991ರಲ್ಲಿ 339 ಶಿಫಾರಸು ಕೊಟ್ಟಿತು. ಅವುಗಳ ಒಳಗಿನ ಎಳೆ ಒಂದೇ: ಇವರ ಬದುಕಿನ ತೀರ್ಮಾನ ಇವರ ಕೈಗೆ ಬರಲಿ.

ಆಮೇಲಿನ ಕೆಲಸ ಶುರುವಾದದ್ದು ಸಣ್ಣದಾಗಿ. 1999ರಲ್ಲಿ ಪೋರ್ಟ್ ಅಡಿಲೇಡ್‌ನಲ್ಲಿ ಕ್ರಿಸ್ ವಾಸ್ ಎಂಬ ಮ್ಯಾಜಿಸ್ಟ್ರೇಟ್, ಮೂಲನಿವಾಸಿಗಳ ಜೊತೆ ಮಾತಾಡಿ, ಅವರಿಗಾಗಿ ನುಂಗಾ ಕೋರ್ಟ್ ಆರಂಭಿಸಿದರು. 2002ರಲ್ಲಿ ನ್ಯೂ ಸೌತ್ ವೇಲ್ಸ್‌ನ ನೌರಾದಲ್ಲಿ ವರ್ತುಲದಲ್ಲಿ ಕೂತು ಶಿಕ್ಷೆ ನಿರ್ಧರಿಸುವ ಕ್ರಮ ಬಂತು. ಅದೇ ವರ್ಷ ವಿಕ್ಟೋರಿಯಾ ರಾಜ್ಯ ಕಾಯ್ದೆಯನ್ನೇ ಮಾಡಿ ಶೆಪ್ಪರ್ಟನ್‌ನಲ್ಲಿ ಮೊದಲ ಕೂರಿ ಕೋರ್ಟ್ ತೆರೆಯಿತು.

ಅಲ್ಲಿ ಎತ್ತರದ ಪೀಠವಿಲ್ಲ. ಅಂಡಾಕಾರದ ಒಂದು ಮೇಜು. ಸುತ್ತ ಮ್ಯಾಜಿಸ್ಟ್ರೇಟ್, ಪಕ್ಕದಲ್ಲಿ ಸಮುದಾಯದ ಹಿರಿಯರು, ಆರೋಪಿ, ಅವನ ಮನೆಯವರು, ವಕೀಲರು, ಪೊಲೀಸ್ ಪ್ರಾಸಿಕ್ಯೂಟರ್. ಆರೋಪಿ ತಪ್ಪೊಪ್ಪಿಕೊಂಡ ಮೇಲಷ್ಟೇ ಪ್ರಕರಣ ಇಲ್ಲಿಗೆ ಬರುತ್ತದೆ; ಲೈಂಗಿಕ ಅಪರಾಧಗಳು ಬರುವುದಿಲ್ಲ. ಹಿರಿಯರು ಹುಡುಗನನ್ನು ನೇರವಾಗಿ ಕೇಳುತ್ತಾರೆ: ನಿನ್ನ ಅಜ್ಜಿ ನನಗೆ ಗೊತ್ತು, ಈ ಕೆಲಸ ಅವಳಿಗೆ ಹೇಗೆ ಅನ್ನಿಸಿರಬೇಕು? ವಕೀಲರ ಹಿಂದೆ ಅಡಗಿಕೊಳ್ಳುವ ದಾರಿ ಅಲ್ಲಿಲ್ಲ. ಮಾಮೂಲಿ ಕೋರ್ಟಿನಲ್ಲಿ ತಲೆತಗ್ಗಿಸಿ ‘ಹೂಂ’ ಎಂದು ಹೊರಬರುವುದಕ್ಕಿಂತ ಇದು ಕಠಿಣ ಎಂದು ಅಲ್ಲಿ ನಿಂತು ಬಂದವರೇ ಹೇಳುತ್ತಾರೆ. ಇನ್ನೊಂದು ವಿಷಯ ನಮಗೆ ಮುಖ್ಯ: ಶಿಕ್ಷೆಯ ಆದೇಶಕ್ಕೆ ಸಹಿ ಮ್ಯಾಜಿಸ್ಟ್ರೇಟರದ್ದೇ. ಹಿರಿಯರು ಮಾತಾಡುತ್ತಾರೆ, ಕಾನೂನು ತೀರ್ಮಾನಿಸುತ್ತದೆ, ಮೇಲ್ಮನವಿಯ ದಾರಿ ಮುಚ್ಚುವುದಿಲ್ಲ.

ಇದೂ ಸರ್ಕಾರದ ಮರ್ಜಿಯ ಮೇಲೆ ನಿಂತದ್ದೇ. ಕ್ವೀನ್ಸ್‌ಲ್ಯಾಂಡ್‌ನ ಮರ್ರಿ ಕೋರ್ಟನ್ನು 2012ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಮುಚ್ಚಿದರು. 2016ರಲ್ಲಿ ಮತ್ತೆ ತೆರೆದರು. ಆದರೆ ನ್ಯೂ ಸೌತ್ ವೇಲ್ಸ್‌ನ ಅಪರಾಧ ಅಂಕಿಅಂಶ ಸಂಸ್ಥೆ 2020ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ವರ್ತುಲದಲ್ಲಿ ಕೂತವರು ಜೈಲಿಗೆ ಹೋಗುವ ಸಾಧ್ಯತೆ ಮಾಮೂಲಿ ಕೋರ್ಟಿಗೆ ಹೋದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ.

ಲಂಬಾಣಿಗರನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳ ಜೊತೆ ಇಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಮೊಗಲ್ ಸೈನ್ಯಗಳಿಗೆ ಎತ್ತುಗಳ ಮೇಲೆ ದವಸ ಹೊತ್ತು ದಖನ್ನಿಗೆ ಬಂದವರು, ಉಪ್ಪು ಮಾರಿದವರು, ರೈಲು ಬಂದು ವ್ಯಾಪಾರ ಕಳೆದುಕೊಂಡು ಗುಡ್ಡದ ಮಗ್ಗುಲಿಗೆ ನಿಂತವರು. ತೆಲಂಗಾಣ, ಆಂಧ್ರಗಳಲ್ಲಿ ಅವರು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಅಣ್ಣತಮ್ಮಂದಿರಿಗೆ ಗಡಿ ದಾಟಿದರೆ ಬೇರೆ ಸರ್ಟಿಫಿಕೇಟು! ಮೊದಲು ಬಂದವರು ಯಾರು ಎಂಬ ಲೆಕ್ಕ ನನಗೆ ಇಲ್ಲಿ ಬೇಡ. ತನ್ನದೇ ಭಾಷೆ, ತನ್ನದೇ ನ್ಯಾಯಪದ್ಧತಿ ಇದ್ದೂ ಕೋರ್ಟಿನೊಳಗೆ ಅವೆರಡಕ್ಕೂ ಜಾಗವಿಲ್ಲದ ಸಮುದಾಯ ಇದು. ಹೋಲಿಕೆಗೆ ಅಷ್ಟು ಸಾಕು.

ನಿಜವಾದ ಅರ್ಥದಲ್ಲಿ ಆದಿವಾಸಿಗಳೆನ್ನುವವರ ಕತೆಯೂ ಬೇರೆಯಲ್ಲ. ನಾಗರಹೊಳೆ ಕಾಡಿನೊಳಗೆ ದೊಡ್ಡ ಹೋಟೆಲ್ ಕಂಪನಿಯ ತಂಗುದಾಣ ಏಳುವುದನ್ನು ಅಲ್ಲಿಯ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನಲ್ಲಿ ಪ್ರಶ್ನಿಸಿ 1997ರಲ್ಲಿ ಗೆದ್ದಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ 2011ರ ಅಕ್ಟೋಬರ್ 2ರಂದು ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅರ್ಜಿದಾರರಾಗಿ ಆದಿವಾಸಿಗಳು ಕೋರ್ಟಿಗೆ ಹೋಗಿದ್ದಾರೆ, ಗೆದ್ದೂ ಇದ್ದಾರೆ. ನ್ಯಾಯ ಬಲ್ಲ ಹಿರಿಯರಾಗಿ ಒಳಗೆ ಕೂರುವ ಅವಕಾಶ ಮಾತ್ರ ಬಂದಿಲ್ಲ. ಗ್ರಾಮಸಭೆಗೆ ಸಾಂಪ್ರದಾಯಿಕ ರೀತಿಯಲ್ಲಿ ವ್ಯಾಜ್ಯ ಬಗೆಹರಿಸುವ ಅಧಿಕಾರವನ್ನು ಒಪ್ಪುವ 1996ರ ಪೆಸಾ ಕಾಯ್ದೆ ಅನುಸೂಚಿತ ಪ್ರದೇಶಗಳಿಗಷ್ಟೇ ಅನ್ವಯ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ.

ಲಕ್ಕಲಕಟ್ಟಿ

ಇನ್ನು ಅಂಚಿನಲ್ಲಿ ನಿಂತವರ ಲೆಕ್ಕ.

2019ರ ನವೆಂಬರ್‌ನಲ್ಲಿ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಲ್ಲಿ ಒಂದು ಜೋಡಿಯನ್ನು ಕೊಂದರು. ಹುಡುಗ ದಲಿತ, ಹುಡುಗಿ ಲಂಬಾಣಿ. ಪ್ರೀತಿಸಿ ಮದುವೆಯಾಗಿ ಹೊರಗೆ ಬದುಕುತ್ತಿದ್ದವರು ಊರಿಗೆ ಬಂದಿದ್ದರು. ಗದಗಿನ ನ್ಯಾಯಾಲಯ 2025ರ ಜನವರಿಯಲ್ಲಿ ಹುಡುಗಿಯ ಕಡೆಯ ನಾಲ್ವರಿಗೆ ಗಲ್ಲು ಶಿಕ್ಷೆ ವಿಧಿಸಿತು. ಗಲ್ಲು ಶಿಕ್ಷೆ ಎಂದ ಮೇಲೆ ಹೈಕೋರ್ಟ್ ದೃಢಪಡಿಸಲೇಬೇಕು ಎಂಬುದು ಕಾನೂನು. ಇದು ಯಾವ ನಸಾಬಿನ ತೀರ್ಪೂ ಅಲ್ಲ, ಯಾವ ನಾಯಕನೂ ಕೊಲ್ಲಿರೆಂದು ಹೇಳಿದ್ದಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಮರ್ಯಾದೆ ಎಂಬ ಮಾತು ಎಲ್ಲಿ ಬೆಳೆಯುತ್ತದೆಯೋ ಆ ಹೊಲವನ್ನು ನಾವು ನೋಡದೆ ಇರಲಾಗದು. ಊರ ದೈವವಾಗಲಿ, ಕುಲದ ಕಟ್ಟೆಯಾಗಲಿ, ತಾಂಡಾದ ನಸಾಬಾಗಲಿ, ಹೆಣ್ಣಿನ ಮದುವೆ ವಿಷಯ ಬಂದಾಗ ಅವಳ ಮಾತು ಕೊನೆಗೆ ಕೇಳಿದ್ದೇ ಹೆಚ್ಚು, ಕೇಳದೇ ಬಿಟ್ಟದ್ದು ಇನ್ನೂ ಹೆಚ್ಚು.

ಸುಪ್ರೀಂ ಕೋರ್ಟ್ 2011ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಕಟ್ಟೆ ಪಂಚಾಯಿತಿಗಳು ಕಾನೂನುಬಾಹಿರ ಎಂದಿತು. 2018ರಲ್ಲಿ, ಪ್ರಾಯಕ್ಕೆ ಬಂದ ಇಬ್ಬರ ಮದುವೆಗೆ ಖಾಪ್ ಪಂಚಾಯಿತಿಗಳು ಅಡ್ಡಬರುವಂತಿಲ್ಲ ಎಂದಿತು. ಜಾತಿ ಪಂಚಾಯಿತಿಗಳ ಬಹಿಷ್ಕಾರದ ಹಾವಳಿ ತಡೆಯಲಾಗದೆ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆ ತಂದಿತು. ಈ ತೀರ್ಪು, ಕಾಯ್ದೆಗಳೆಲ್ಲ ಬೇಕಾದವೇ. ಆದ್ದರಿಂದ ನಾಯಕನಿಗೆ ತೀರ್ಪಿನ ಅಧಿಕಾರ ಬಿಟ್ಟುಕೊಡಿ ಎನ್ನುವವರ ಜೊತೆ ನಾನಿಲ್ಲ. ನಸಾಬನ್ನು ಮುಚ್ಚಿಸಿ ಎಲ್ಲವನ್ನೂ ಕೋರ್ಟಿಗೆ ಕಳಿಸಿ ಎನ್ನುವವರ ಜೊತೆಗೂ ಇಲ್ಲ. ಮುಚ್ಚಿಸಿದರೆ ಅದು ಕತ್ತಲಲ್ಲಿ ಕೂಡುತ್ತದೆ, ಅಷ್ಟೆ.

ಇರುವ ಬಾಗಿಲುಗಳು

ಕಾನೂನು ರೂಢಿಗೆ ಪೂರ್ತಿ ಬೆನ್ನು ಹಾಕಿದೆ ಎನ್ನುವುದೂ ನಿಜವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ಪ್ರಕಾರ ಆಗುವ ವಿಚ್ಛೇದನವನ್ನು ಉಳಿಸಿಕೊಂಡಿದೆ. ತಾಂಡಾದ ಹಿರಿಯರ ಮುಂದೆ ಬಿಡುಗಡೆಯಾದ ಹೆಣ್ಣಿಗೆ ಇದರ ಆಸರೆ ಸಿಗಬಹುದು. ಆದರೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಂತೆ, ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಪ್ರತಿಪಾದಿಸಬೇಕು, ಸಾಬೀತು ಮಾಡಬೇಕು. ಯಾರು ಮಾಡುವುದು? ರೂಢಿ ಬಲ್ಲ ಡಾವ್‌ಸಾಣ ಸಾಕ್ಷಿಕಟ್ಟೆಯಲ್ಲಿ ನಿಂತು ಪಾಟೀಸವಾಲಿಗೆ ಉತ್ತರ ಕೊಡಬೇಕು, ಅದೂ ತನ್ನದಲ್ಲದ ಭಾಷೆಯಲ್ಲಿ. ತಾಂಡಾದಲ್ಲಿ ಪಂಡಿತನಾದವನು ಕಟಕಟೆಯಲ್ಲಿ ತಡವರಿಸುವ ಸಾಕ್ಷಿಯಾಗಿಬಿಡುತ್ತಾನೆ. ಹಾಗೆ ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಹೆಣ್ಣಿಗೆ, ಮುಂದೆ ಜೀವನಾಂಶದ ಪ್ರಶ್ನೆ ಬಂದಾಗ ಆ ಪತ್ರ ಕಾಗದದ ಚೂರಾಗಬಹುದು.

ಇನ್ನೊಂದು ಬಾಗಿಲು ಗ್ರಾಮ ನ್ಯಾಯಾಲಯದ್ದು. ಇದರ ಹಿಂದಿನ ಕತೆ ಹೆಚ್ಚು ಜನಕ್ಕೆ ತಿಳಿದಂತಿಲ್ಲ. 1986ರಲ್ಲಿ ಕಾನೂನು ಆಯೋಗ ತನ್ನ 114ನೇ ವರದಿಯಲ್ಲಿ ಹಳ್ಳಿಗೆ ಬೇಕಾದ ಕೋರ್ಟಿನ ನಕ್ಷೆ ಕೊಟ್ಟಿತ್ತು: ಕಾನೂನು ಓದಿದ ಒಬ್ಬ ನ್ಯಾಯಾಧೀಶ, ಅವರ ಜೊತೆ ಕಾನೂನು ಓದದ ಇಬ್ಬರು ಸ್ಥಳೀಯರು. ಶೆಪ್ಪರ್ಟನ್‌ನ ಮೇಜಿಗೆ ಹದಿನಾರು ವರ್ಷ ಮೊದಲೇ ನಮ್ಮಲ್ಲಿ ಆ ಇಬ್ಬರ ಕುರ್ಚಿಗಳು ಕಾಗದದ ಮೇಲೆ ಇದ್ದವು. 2008ರಲ್ಲಿ ಕಾಯ್ದೆ ಬಂದಾಗ ಕುರ್ಚಿಗಳು ಮಾಯವಾಗಿದ್ದವು. ಉಳಿದವರು ನ್ಯಾಯಾಧಿಕಾರಿ ಒಬ್ಬರೇ. ನನ್ನ ಮಟ್ಟಿಗೆ ಇದು ನಮ್ಮ ನ್ಯಾಯಾಂಗ ಸುಧಾರಣೆಯಲ್ಲಿ ಆದ ದೊಡ್ಡ ಹಿಂಜರಿತ.

ಆದರೂ ಕಾಯ್ದೆಯಲ್ಲಿ ಒಳ್ಳೆಯದು ಇಲ್ಲದಿಲ್ಲ. ನ್ಯಾಯಾಧಿಕಾರಿ ಊರೂರಿಗೆ ಹೋಗಿ ಕಲಾಪ ನಡೆಸಬಹುದು. ಬಾವಿ ನೀರು ಸೇದುವ ಹಕ್ಕು, ಕಾಲುವೆ ನೀರಿನ ಸರದಿ, ಹುಲ್ಲುಗಾವಲಿನ ತಕರಾರು, ಹೀಗೆ ನಮ್ಮ ಕಟ್ಟೆಗಳು ನಿತ್ಯ ಕೇಳುವ ಜಗಳಗಳೇ ಅದರ ಪಟ್ಟಿಯಲ್ಲಿವೆ. ಸಾಕ್ಷ್ಯ ಕಾಯ್ದೆಯ ಬಿಗಿ ಅಲ್ಲಿ ಸಡಿಲ. ನ್ಯಾಯಾಧಿಕಾರಿಗಳ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಪ್ರಾತಿನಿಧ್ಯ ಇರಬೇಕು. ಮೊದಲು ರಾಜಿಗೆ ಯತ್ನಿಸಬೇಕು. ಅದಕ್ಕಾಗಿ ಹಳ್ಳಿ ಮಟ್ಟದ ಸಮಾಜಸೇವಕರನ್ನು ಸಂಧಾನಕಾರರಾಗಿ ನೇಮಿಸುವ ಪಟ್ಟಿಯನ್ನು ಜಿಲ್ಲಾ ನ್ಯಾಯಾಲಯ, ಜಿಲ್ಲಾಧಿಕಾರಿಯ ಜೊತೆ ಚರ್ಚಿಸಿ, ಸಿದ್ಧಪಡಿಸಬೇಕು. ರಾಜ್ಯ ಸಚಿವ ಸಂಪುಟ 2023ರಲ್ಲಿ 100 ಗ್ರಾಮ ನ್ಯಾಯಾಲಯಗಳಿಗೆ ಒಪ್ಪಿಗೆ ಕೊಟ್ಟಾಗ ಕಾನೂನು ಸಚಿವರಾಗಿದ್ದವರು ಗದಗಿನವರೇ ಆದ ಎಚ್.ಕೆ. ಪಾಟೀಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಊರಿನ ಗೌರವಸ್ಥರು ಮೂವರು ಕೂತು, ಎರಡೂ ಕಡೆಯವರ ಒಪ್ಪಿಗೆಯಿಂದ, ನೆರೆಹೊರೆಯ ಜಗಳ ಬಗೆಹರಿಸುವ ಅಧ್ಯಾಯ ಉಂಟು. ಆ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲ ಮಾತ್ರ ಇಲ್ಲ.

ತಾಂಡಾದ ನೆಲಕ್ಕೆ ಸರ್ಕಾರ ತಡವಾಗಿಯಾದರೂ ಗುರುತು ಕೊಟ್ಟಿದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಯಾಯಿತು. ಸಾವಿರಾರು ಜನವಸತಿಗಳನ್ನು ಕಂದಾಯ ಗ್ರಾಮವೆಂದು ಘೋಷಿಸುವ ಕೆಲಸ ನಡೆದಿದೆ. ಹಕ್ಕುಪತ್ರ ಬಂದ ಕೂಡಲೇ ಪಾಲಿನ ಜಗಳವೂ ಬರುತ್ತದೆ. ಮೊದಲು ಯಾರದೂ ಅಲ್ಲದ ಜಾಗದಲ್ಲಿ ಗುಡಿಸಲು ಇತ್ತು, ತಕರಾರು ನಾಯಕನ ಮುಂದೆ ಮುಗಿಯುತ್ತಿತ್ತು. ಈಗ ಕಾಗದದಲ್ಲಿ ಯಾರ ಹೆಸರು, ಅಣ್ಣನದೋ ತಮ್ಮನದೋ, ಹೆಂಡತಿಯದೂ ಉಂಟೋ ಎಂಬ ಪ್ರಶ್ನೆಗಳು ರೋಣದ ಕೋರ್ಟಿಗೇ ಬರಬೇಕು. ನ್ಯಾಯಾಧೀಶರಿಗೆ ಮನೆತನದ ಹಿನ್ನೆಲೆ ಗೊತ್ತಿಲ್ಲ. ನಾಯಕನಿಗೆ ಉತ್ತರಾಧಿಕಾರ ಕಾಯ್ದೆ ಗೊತ್ತಿಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ತಾರದೆ ಈ ಗಂಟು ಬಿಚ್ಚದು.

ಅದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಗದಗ ಜಿಲ್ಲೆಯಲ್ಲಿ ಸಂಧಾನಕಾರರ ಪಟ್ಟಿ ಸಿದ್ಧವಾಗುವಾಗ ತಾಂಡಾಗಳ ಹೆಸರು ಅದರಲ್ಲಿ ಇರಬೇಕು. ನಾಯಕ ಎಂಬ ಒಂದೇ ಕಾರಣಕ್ಕೆ ಯಾರ ಹೆಸರೂ ಬರಬಾರದು. ಗ್ರಾಮಸಭೆ ಆರಿಸಿ ಕಳಿಸಬೇಕು. ಕಳಿಸುವ ಪ್ರತಿ ಇಬ್ಬರಲ್ಲಿ ಒಬ್ಬಳು ಹೆಣ್ಣಾಗಿರಬೇಕು. ಮದುವೆ, ಹೊಡೆತ, ಬಹಿಷ್ಕಾರದ ವಿಷಯಗಳಲ್ಲಿ ಹಿರಿಯರು ಮಾತಾಡಲಿ, ರಾಜಿ ಮಾಡಿಸುವ ಹೊಣೆ ಅವರಿಗೆ ಬೇಡ. ಗೋರ್ ಬೋಲಿ ಬಲ್ಲ ಕಾನೂನು ಸ್ವಯಂಸೇವಕರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹುಡುಕಿ ತರಬೇತಿ ಕೊಡಲಿ. ತಾಂಡಾಗಳಲ್ಲಿ ಡಿಗ್ರಿ ಓದಿದ ಹೆಣ್ಣುಮಕ್ಕಳು ಈಗ ಸಿಗುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ನೀರು, ರಸ್ತೆ, ಮನೆಯ ಅರ್ಜಿಗಳ ಜೊತೆ ಈ ಹೆಸರುಗಳ ಠರಾವನ್ನೂ ಬರೆಸಿ ರೋಣದ ಕೋರ್ಟಿಗೂ ಗದಗಿನ ಜಿಲ್ಲಾ ನ್ಯಾಯಾಧೀಶರಿಗೂ ಕಳಿಸಿಕೊಡಿ.